ಯಾವ ದಿನದ ಹಡಗು

ಆ ದಿನ ಮೇಜಿನ ಸುತ್ತ ನಾಲ್ಕು ಜನ ಇದ್ದೆವು: ಪೈಲಟ್ ಸಾಹೇಬರು, ನಮ್ಮ ಮುದೀರ್, ಉಸ್ತಾದ್, ನಾನು. ಪೈಲಟ್ ಎಂದರೆ ವಿಮಾನದವರಲ್ಲ. ಬಂದರಿಗೆ ಬರುವ ದೊಡ್ಡ ಹಡಗನ್ನು ನಡುನೀರಿನಲ್ಲೇ ಹತ್ತಿ, ದಡ ಮುಟ್ಟುವ ತನಕ ದಾರಿ ತೋರಿಸುವವರು. ಇಂಗ್ಲೆಂಡಿನ ಮುದುಕರು, ಕೆಲಸದಿಂದ ಬಿಡುಗಡೆಯಾಗಿ ಎಷ್ಟೋ ವರ್ಷ ಆಗಿತ್ತು, ಅಬುಧಾಬಿಯ ಮನೆ ಖಾಲಿ ಮಾಡಿ ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಮುದೀರ್ ಎಂದರೆ ನಮ್ಮ ಮ್ಯಾನೇಜರು, ಉಳ್ಳಾಲದ ಕಡೆಯ ಬ್ಯಾರಿ, ಬಾಯಿ ತುಂಬ ಮಾತು. ಉಸ್ತಾದ್ ಎಂದರೆ ನಮ್ಮ ಮರಗೆಲಸದ ಹಿರಿಯರು, ಭಟ್ಕಳದವರು. ಅವರ ಮನೆತನದಲ್ಲಿ ಹಿಂದೆ ಮಂಜಿ ಎಂಬ ಮರದ ಹಡಗು ಕಟ್ಟಿಸಿ ಅರಬ್ಬಿ ಸಮುದ್ರಕ್ಕೆ ಬಿಡುತ್ತಿದ್ದರು. ಇವರ ಕಾಲಕ್ಕೆ ಮಂಜಿ ಹೋಗಿತ್ತು, ಉಳಿ ಮಾತ್ರ ಕೈಯಲ್ಲಿ ಉಳಿದಿತ್ತು. ನಾನು ಮೂಲ್ಕಿಯ ಹತ್ತಿರದವಳು. ಬಣ್ಣ ಹಚ್ಚುವುದು ನನ್ನ ಕೆಲಸ.

ನಮ್ಮ ವರ್ಕ್‌ಶಾಪ್ ಜೆಬೆಲ್ ಅಲಿಯ ಒಂದು ಶೆಡ್ಡಿನಲ್ಲಿ. ಕಟ್ಟಡಗಳ ಮಾದರಿ ಮಾಡುತ್ತೇವೆ. ಫ್ಲಾಟ್ ಕೊಳ್ಳಲು ಬಂದವರು ಬಗ್ಗಿ ನೋಡಿ, "ನಮ್ಮ ಬಾಲ್ಕನಿ ಯಾವುದು?" ಎಂದು ಬೆರಳಿಡುತ್ತಾರಲ್ಲ, ಆ ಮೇಜು. ನಾವು ಹಡಗು ಮಾಡಿದವರಲ್ಲ. ಆದರೆ ಉಸ್ತಾದರ ಕೈಕೆಲಸ ಎಲ್ಲೋ ನೋಡಿದ ಸಾಹೇಬರು ಹುಡುಕಿಕೊಂಡು ಬಂದಿದ್ದರು.

ಅವರು ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಹರಡಿದರು. ಬ್ರಿಟಿಷರ ಹಳೆಯ ಯುದ್ಧನೌಕೆ, ಹೆಸರು ಓಷನ್. ಡ್ರೆಡ್‌ನಾಟ್ ಎಂಬ ಹೊಸ ನಮೂನೆಯ ಹಡಗು ನೀರಿಗಿಳಿದದ್ದೇ ತಡ, ಅದಕ್ಕಿಂತ ಮೊದಲಿನವೆಲ್ಲ ಒಂದೇ ಏಟಿಗೆ ಮುದಿಯಾದವಂತೆ. ಓಷನ್ ಆ ಮುದುಕರ ಪೈಕಿ. ಸೂಯೆಜ್ ಕಾಲುವೆ ದಾಟಿ ಪೂರ್ವದ ಕಡೆ ಬರಲೆಂದೇ ಸ್ವಲ್ಪ ಹಗುರವಾಗಿ ಕಟ್ಟಿದ್ದು. ಒಂದರ ಹಿಂದೊಂದು ಎರಡು ಹೊಗೆಕೊಳವೆ, ಮುಂದೆ ಎರಡು ಹಿಂದೆ ಎರಡು ದೊಡ್ಡ ತೋಪು. ಹೊಸದಿದ್ದಾಗಿನ ನಕ್ಷೆಯ ಪ್ರತಿ, ಚೀನಾ ಕಡೆಯಲ್ಲಿದ್ದಾಗಿನ ಬಣ್ಣ ಹಚ್ಚಿದ ಕಾರ್ಡು, ನಡುವಯಸ್ಸಿನ ಎರಡು ಫೋಟೋ, ಕೊನೆಗಾಲದ ಮಸುಕಾದ ಒಂದು ಫೋಟೋ, ಎಲ್ಲ ಇತ್ತು.

"ನನ್ನ ಅಜ್ಜ ಇದರಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ," ಎಂದರು. "ಮೊದಲ ಮಹಾಯುದ್ಧ ಶುರುವಾದಾಗ ಭಾರತದ ಸೈನಿಕರ ಹಡಗುಗಳಿಗೆ ಕಾವಲಾಗಿ ಈ ಕೊಲ್ಲಿಗೇ ಬಂದಿತ್ತು. ಅಜ್ಜ ಈ ನೀರಿನ ಮೇಲೆ ಇದ್ದವನು. ಅದು ನನಗೆ ಬೇಕು."

"ಆಯ್ತು ಸಾಹೇಬ್, ಇನ್‌ಶಾಅಲ್ಲಾ ಫಸ್ಟ್ ಕ್ಲಾಸ್ ಮಾಡಿಸುವಾ," ಎಂದರು ಮುದೀರ್.

ಅಲ್ಲಿಗೆ ಮಾತು ಮುಗಿಯಿತು. ಯಾವ ದಿನದ ಹಡಗು ಎಂದು ನಾವು ಕೇಳಲಿಲ್ಲ. ಹೇಳಿದ್ದೇನೆ ಎಂದುಕೊಂಡು ಅವರು ಹೋದರು.

ಕೇಳದಿದ್ದುದಕ್ಕೆ ಕಾರಣ ಉಂಟು. ಬಿಲ್ಡರುಗಳು ಒಂದು ಊರನ್ನು ಮೂರು ಫೇಸಿನಲ್ಲಿ, ಹಂತ ಹಂತವಾಗಿ ಕಟ್ಟುತ್ತಾರೆ. ಮೊದಲ ಫೇಸಿನ ಮನೆಗಳ ಬಣ್ಣ ಮಾಸುವ ಹೊತ್ತಿಗೆ ಮೂರನೆಯದಕ್ಕೆ ಗುಂಡಿ ತೋಡುತ್ತಿರುತ್ತಾರೆ. ಆದರೆ ನಮ್ಮ ಮೇಜಿನ ಮೇಲೆ ಮೂರೂ ಒಂದೇ ದಿನ ಮುಗಿದು, ದೀಪ ಹತ್ತಿ, ಮರಗಳೂ ಬೆಳೆದು ನಿಂತಿರುತ್ತವೆ. ಯಾರೂ ತಪ್ಪು ಅನ್ನುವುದಿಲ್ಲ, ಹಾಗೆಯೇ ಮಾಡಬೇಕು. ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು, ಇರುವುದನ್ನೆಲ್ಲ ಸೇರಿಸಿ, ಯಾವುದು ಚೆಂದವೋ ಆ ಬಣ್ಣ ಹಚ್ಚುವುದು ನಮ್ಮ ಕೈಗೆ ರೂಢಿ. ಹಡಗಿಗೂ ಅದನ್ನೇ ಮಾಡಿದೆವು. ಹೊಸದರ ಮೂತಿಯಲ್ಲಿದ್ದ ಚಿನ್ನದ ಬಳ್ಳಿಯ ಚಿತ್ತಾರ, ಚೀನಾ ಕಡೆಯ ಬಿಳಿ ಮೈ ಮತ್ತು ಹಳದಿ ಕೊಳವೆ, ಆಮೇಲಿನ ರಿಪೇರಿಯಲ್ಲಿ ಕಂಬದ ಮೇಲೆ ಕೂರಿಸಿದ ತೋಪಿನ ಗುರಿ ಹೇಳುವ ಗೂಡು, ಅದಕ್ಕೂ ಆಮೇಲೆ ಕೊಳವೆಗೆ ಬಳಿದ ಗುರುತಿನ ಪಟ್ಟಿ. ಒಂದನ್ನೂ ಬಿಡಲಿಲ್ಲ.

ನಾಲ್ಕಡಿ ಚಿಲ್ಲರೆ ಉದ್ದದ ಒಡಲನ್ನು ಮೆಷಿನ್ನಿನಲ್ಲಿ ಪದರ ಪದರವಾಗಿ ಕೊಯ್ದು, ಅಂಟಿಸಿ, ಪುಟ್ಟಿ ತುಂಬಿ, ನೀರು ಹಾಕಿ ಉಜ್ಜಿದೆ. ತೋಪುಗಳನ್ನು ಹಿತ್ತಾಳೆ ಸರಳಿನಿಂದ ಲೇತಿನಲ್ಲಿ ಕಡೆದದ್ದು. ಮೇಲಿನ ಅಟ್ಟಣೆಯನ್ನು ಸ್ಕ್ರೂ ಬಿಚ್ಚಿದರೆ ಬೇರೆ ಬರುವ ಹಾಗೆ ಮಾಡಿದೆವು, ಕಟ್ಟಡಗಳಿಗೆ ಮಾಡುವಂತೆ. ಆ ಅಟ್ಟಣೆಯ ಮೇಲಿನ ದೋಣಿಗಳು ಉಸ್ತಾದರ ಪಾಲು.

ಹಡಗಿನ ದೋಣಿಗಳೆಂದರೆ ನಮ್ಮ ಅಳತೆಯಲ್ಲಿ ಬೆರಳುದ್ದ. ನಾನಾದರೆ ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದೆ. ಅವರು ತೇಗದ ಸೀಳುಗಳನ್ನು ಹಬೆಯಲ್ಲಿ ಬಗ್ಗಿಸಿ, ಒಂದೊಂದು ಹಲಗೆಯಾಗಿ ಜೋಡಿಸುತ್ತ ಕೂತರು. ಅದೂ ಸಾಲದೆಂದು ನೀರು ಒಸರದಂತೆ ಹಲಗೆ ಹಲಗೆಯ ನಡುವೆ ಅಗಸೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಸೂಜಿಯ ಮೊನೆಯಲ್ಲಿ ಒತ್ತಿ ತುಂಬುತ್ತಿದ್ದರು.

"ಗಾಜಿನ ಪೆಟ್ಟಿಗೆಯೊಳಗೆ ಕೂರುವ ದೋಣಿಗೆ ಇದೆಲ್ಲ ಎಂತಕ್ಕೆ ಉಸ್ತಾದ್? ಯಾರು ನೋಡ್ತಾರೆ?"

"ಯಾರೂ ನೋಡೂದಿಲ್ಲ ತಂಗಿ. ಆದ್ರೆ ದೋಣಿ ಅಂದ್ಮೇಲೆ ತೇಲ್ಬೇಕಲ್ಲ. ತೇಲದಿದ್ರೆ ಅದು ಸಾಬೂನಿನ ಡಬ್ಬಿ."

"ಸಾಬೂನಿನ ಡಬ್ಬಿಯೂ ತೇಲ್ತದೆ."

"ಹೌದಾ? ಹಾಗಾದ್ರೆ ಅದಕ್ಕಿಂತ ಕಡೆ ಆಗ್ಬಾರ್ದು," ಎಂದು ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿದರು.

ಒಂದು ಸಂಜೆ ಕೊನೆಯ ದೋಣಿ ಕೂರಿಸಿ, ಅಂಟು ಹಾಕಿ, ಕೈ ಒರೆಸಿಕೊಂಡು ಕಂಪೆನಿ ಬಸ್ಸು ಹತ್ತಿದರು. ಅಲ್ ನಹ್ದಾದಲ್ಲಿ ನಮ್ಮದು ಒಂದೇ ಸ್ಟಾಪು. ಅವರು ಮಗಳ ಮನೆಯಲ್ಲಿದ್ದರು, ನಾನು ಎದುರಿನ ಬಿಲ್ಡಿಂಗು. ಇಳಿಯುವಾಗ, "ನಾಳೆ ಕಂಬಗಳ ಹಗ್ಗದ ಕೆಲಸ," ಎಂದರು. ಮರುದಿನ ಬೆಳಗಿನ ನಮಾಜು ಮುಗಿಸಿ ಚಾಪೆಯಿಂದ ಏಳಲಿಲ್ಲವಂತೆ. ಮುದೀರ್ ಫೋನ್ ಮಾಡಿದಾಗ ನಾನು ಟಿಫಿನ್ ಕಟ್ಟುತ್ತಿದ್ದೆ. ಎದೆ ಧಸಕ್ಕೆನ್ನಲಿಲ್ಲ. ಟಿಫಿನ್ ಮುಚ್ಚಳ ಹಾಕಿದೆ. ಆ ಮನೆಗೆ ಹೋದೆ, ಮಗಳ ಪಕ್ಕದಲ್ಲಿ ಕೂತೆ, ಯಾರೋ ಕೊಟ್ಟ ಚಾ ಕುಡಿದೆ. ಮಧ್ಯಾಹ್ನ ಗಂಡಸರು ಕಬರಸ್ತಾನಕ್ಕೆ ಹೋದ ಮೇಲೆ ಟ್ಯಾಕ್ಸಿ ಹಿಡಿದು ಕೆಲಸಕ್ಕೆ ಬಂದೆ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಹಗ್ಗದ ಕೆಲಸ ಬಾಕಿ ಇತ್ತು, ಕೂತು ಮಾಡಿದೆ.

ಆಮೇಲಿನ ವಾರಗಳು ಹಾಗೆಯೇ. ಉಂಡದ್ದು ನೆನಪಿದೆ, ರುಚಿ ನೆನಪಿಲ್ಲ. ಮುದೀರ್ ಉಸ್ತಾದರ ಸ್ಟೂಲನ್ನು ಮೂಲೆಗೆ ಇಟ್ಟರು. ಅದು ದಾರಿಗೆ ಅಡ್ಡ ಬರುತ್ತದೆಂದು ಮತ್ತೆ ಮೇಜಿನ ಹತ್ತಿರವೇ ತಂದಿಟ್ಟರು.

ಹಡಗು ಮುಗಿಯಿತು. ಪೈಲಟ್ ಸಾಹೇಬರು ನೋಡಲು ಬಂದರು. ಉಸ್ತಾದರ ವಿಷಯ ಕೇಳಿ ಟೋಪಿ ತೆಗೆದರು. ಆಮೇಲೆ ಬಗ್ಗಿ ನೋಡಿದರು. ಈ ಕಡೆಯಿಂದ ನೋಡಿದರು, ಆ ಕಡೆಗೆ ಹೋಗಿ ನೋಡಿದರು. ಚೆಂದ ಇತ್ತು, ಸುಳ್ಳು ಹೇಳಬಾರದು. ಬಿಳಿ ಮೈ, ಹಳದಿ ಕೊಳವೆ, ಚಿನ್ನದ ಮೂತಿ, ಮೇಲೆ ಎಣ್ಣೆ ಮಿಂಚುವ ತೇಗದ ದೋಣಿಗಳ ಸಾಲು.

"ಮೇಡಂ," ಎಂದರು ಮೆಲ್ಲನೆ, "ಈ ಹಡಗು ಯಾವ ದಿನವೂ ಇರಲಿಲ್ಲ."

ಬೆರಳು ತಾಗಿಸದೆ ಒಂದೊಂದೇ ತೋರಿಸಿದರು. ಚಿನ್ನದ ಬಳ್ಳಿ ಇದ್ದಾಗ ಕಂಬದ ಮೇಲೆ ಈ ಗೂಡು ಇರಲಿಲ್ಲ. ಗೂಡು ಬಂದಾಗ ಬಿಳಿ ಮೈ ಹೋಗಿ ಬೂದಿ ಬಣ್ಣ ಬಂದಾಗಿತ್ತು. ಕೊಳವೆಯ ಪಟ್ಟಿ ನಡುವಿನ ಕೆಲವು ವರ್ಷದ್ದು. ಇನ್ನು ಅಜ್ಜ ಇದ್ದ ಆ ಯುದ್ಧದ ಹೊತ್ತಿಗೆ, ಗುಂಡು ಬಿದ್ದರೆ ಮರ ಚೂರಾಗಿ ಜನರಿಗೆ ನಾಟುತ್ತದೆ, ಬೆಂಕಿ ಹಿಡಿಯುತ್ತದೆ ಎಂದು ಇಂಥ ಹಡಗುಗಳು ಹೆಚ್ಚಿನ ದೋಣಿಗಳನ್ನು ದಡದಲ್ಲೇ ಇಳಿಸಿ ಹೋಗುತ್ತಿದ್ದವಂತೆ. ಮಸುಕಾದ ಆ ಫೋಟೋದಲ್ಲಿ ಅಟ್ಟಣೆ ಬಹುಪಾಲು ಬೋಳಾಗಿತ್ತು. ನಾವು ಅದನ್ನು ಫೋಟೋದ ಮಸುಕು ಎಂದುಕೊಂಡಿದ್ದೆವು.

ಮುದೀರರ ಮುಖ ಇಳಿಯಿತು. ಸಾಹೇಬರೇ ಸಮಾಧಾನ ಮಾಡಿದರು. "ಇರಲಿ, ಇರಲಿ. ನಾನು ಇದನ್ನೇ ಒಯ್ಯುತ್ತೇನೆ. ಒಬ್ಬ ಮನುಷ್ಯನ ಕೊನೆಯ ಕೆಲಸ ಇದು. ನಾನು ಹೊರಡಲು ದಿನವೂ ಹೆಚ್ಚಿಲ್ಲ."

"ಖಲಾಸ್!" ಎಂದು ಮುದೀರ್ ಉಸಿರು ಬಿಟ್ಟರು. "ಸಾಹೇಬ್ರು ದೊಡ್ಡ ಮನಸ್ಸಿನವರು."

ಸಾಹೇಬರು ಮಸುಕಾದ ಫೋಟೋವನ್ನು ಚೀಲಕ್ಕೆ ಹಾಕಿಕೊಳ್ಳುವ ಮೊದಲು ಮಾದರಿಯ ಪಕ್ಕ ಹಿಡಿದು ಒಮ್ಮೆ ನೋಡಿದರು. ಅಜ್ಜ ಎಲ್ಲಿ ನಿಂತಿದ್ದಿರಬಹುದು ಎಂದು ಹುಡುಕುವವರ ಹಾಗೆ. ಸಿಗಲಿಲ್ಲ ಎಂದು ಕಾಣುತ್ತದೆ.

"ಫೋಟೋ ಇಲ್ಲೇ ಬಿಟ್ಟು ಹೋಗಿ," ಎಂದೆ. "ನೀವು ಹೊರಡುವ ಮೊದಲು ಅಬುಧಾಬಿಗೆ ತಂದು ಕೊಡುತ್ತೇವೆ. ಆ ದಿನದ ಹಡಗನ್ನು."

ಅವರು ಹೋದದ್ದೇ ಮುದೀರ್ ನನ್ನ ಮೇಲೆ ರೇಗಿದರು. "ಅಕ್ಕಾ, ನಿಮ್ಗೆ ಮಂಡೆ ಸಮ ಉಂಟಾ? ಗಿರಾಕಿ ಬೇಡ ಅಂತಿಲ್ಲ, ನೀವು ಬೇಡ ಅಂತೀರಿ! ಬಣ್ಣ ಬೇಕಾದ್ರೆ ಬದಲಿಸಿ, ಅದು ನಿಮ್ದು. ದೋಣಿ? ಉಸ್ತಾದ್ ಹೋಗಿ ಇನ್ನೂ ನಲ್ವತ್ತು ದಿನ ಆಗ್ಲಿಲ್ಲ. ಅವರ ಕೈಯ ಕಡೆಯ ಕೆಲ್ಸ ಕಿತ್ತು ಬಿಸಾಡ್ಲಿಕ್ಕೆ ಕರುಳು ಬರ್ತದಾ ನಿಮ್ಗೆ?"

"ಬಿಸಾಡುವುದಿಲ್ಲ."

"ಹಡಗಿಂದ ತೆಗೆದ್ಮೇಲೆ ಅದು ಎಂತ? ಮರದ ಚೂರು."

ಕರುಳಿನ ವಿಷಯ ನನಗೆ ಆಗ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ತೇಲಬೇಕೆಂದು ಮಾಡಿದ ದೋಣಿಗಳನ್ನು ಎಂದೂ ತೇಲದ ಹಡಗಿನ ಮೇಲೆ ಅಂಟಿಸಿ ಕಳಿಸುತ್ತಿದ್ದೇವೆ. ಆದರೂ ಒಬ್ಬಳೇ ತೀರ್ಮಾನಿಸುವ ಹಕ್ಕು ನನಗಿರಲಿಲ್ಲ. ಸಂಜೆ ಬಸ್ಸಿಳಿದು ಉಸ್ತಾದರ ಮಗಳ ಮನೆಗೆ ಹೋದೆ.

ಅವಳು ಶಾಲೆ ಓದಿದ್ದೆಲ್ಲ ಇಲ್ಲಿಯೇ. ಕನ್ನಡ ಅಪ್ಪನಿಂದ ಬಂದದ್ದು, ಹಾಗಾಗಿ ಮಾತಿನಲ್ಲಿ ಉಸ್ತಾದರ ಎಳೆತವೇ ಇದೆ. ನಾನು ಹೇಳುವುದನ್ನೆಲ್ಲ ಕೇಳಿಕೊಂಡಳು.

"ಆಂಟೀ, ಆ ಶೂ ರ್‍ಯಾಕ್ ನೋಡಿ," ಎಂದಳು. ಬಾಗಿಲ ಹತ್ತಿರ ಒಂದು ಚಪ್ಪಲಿ ಕಪಾಟು. "ನಮ್ಮ ಅಬ್ಬಾ ಮಾಡಿದ್ದು. ಬಾಗ್ಲು ಸ್ವಲ್ಪ ಓರೆ ಆಯ್ತಂತೆ. ನಮ್ಗೆ ಯಾರಿಗೂ ಕಾಣೂದಿಲ್ಲ. ಎಷ್ಟು ಸಲ ಬಿಚ್ಚಿದ್ರು ಗೊತ್ತುಂಟಾ? ಈದ್‌ಗೆ ಮನೆ ತುಂಬ ನೆಂಟ್ರು, ಚಪ್ಪಲಿಯೆಲ್ಲ ಸೋಫಾ ಮೇಲೆ, ಇವ್ರು ನೆಲದಲ್ಲಿ ಕೂತು ಸ್ಕ್ರೂ ತೆಗೀತಾ ಇದ್ದಾರೆ."

ನಗು ಬರಬೇಕಿತ್ತು. ಅವಳಿಗೆ ಬಂತು, ಅರ್ಧದಲ್ಲಿ ನಿಂತಿತು.

"ತೆಗೀರಿ. ಆದ್ರೆ ಮುರೀಬೇಡಿ ಆಂಟೀ. ನಂಗೆ ಕೊಡಿ."

ಮುರಿಯದೆ ತೆಗೆಯುವುದೇ ಕಷ್ಟ. ದೋಣಿಗಳ ಅಡಿಗೆ ಉಸ್ತಾದ್ ಹಾಕಿದ್ದು ಫೆವಿಕ್ವಿಕ್ ಜಾತಿಯ ಅಂಟು. ಅದನ್ನು ಕರಗಿಸುವ ಎಸಿಟೋನ್ ಹಾಕಿದರೆ ಮರದ ಎಣ್ಣೆಯೂ ಹೋಗಿ ಹತ್ತಿಯೂ ಬಿಚ್ಚುತ್ತದೆ. ಹಲ್ಲು ಸಂದಿ ಉಜ್ಜುವ ನೂಲನ್ನು ದೋಣಿಯ ಅಡಿಗೆ ತೂರಿಸಿ ಗರಗಸದಂತೆ ಎಳೆದು ನೋಡಿದೆ. ನೂಲು ಹರಿಯಿತು. ತೆಳು ಬ್ಲೇಡು ತೂರಿಸಿ ಚೂರು ಮೀಟಿದೆ. ಟಿಕ್ ಎಂದಿತು. ಬಂದದ್ದು ದೋಣಿಯಲ್ಲ, ಅಡಿಯ ಹಲಗೆಯೊಂದು ಸೀಳಿತ್ತು. ಆ ದಿನ ಮುಂದೆ ಕೈ ಹಾಕಲಿಲ್ಲ. ಬದಲಿಗೆ ನನ್ನ ಕೆಲಸವನ್ನೇ ಕಿತ್ತೆ. ವಾರಗಟ್ಟಲೆ ಕೂತು ಕೂರಿಸಿದ್ದ ಮೂತಿಯ ಚಿನ್ನದ ಬಳ್ಳಿಯನ್ನು ಸ್ಯಾಂಡ್ ಪೇಪರ್ ಹಿಡಿದು ಉಜ್ಜಿ ಮಟ್ಟ ಮಾಡಿದೆ. ಬೇಸರ ಆಗುತ್ತದೇನೋ ಎಂದು ಕಾದೆ. ಆಗಲಿಲ್ಲ.

ಆ ಅಂಟಿನ ಒಂದು ಸ್ವಭಾವ ಮಾರನೆ ದಿನ ನೆನಪಾಯಿತು. ಬಿಸಿಗೆ ಅದು ಜಗ್ಗುತ್ತದೆ, ವಿಪರೀತ ಚಳಿಗೆ ಗಾಜಿನಂತೆ ಪೆಡಸಾಗುತ್ತದೆ. ಆಗ ಮೆಲ್ಲಗೆ ತಟ್ಟಿದರೂ ಬಿಡುತ್ತದೆ. ಅಟ್ಟಣೆ ಹೇಗೂ ಬೇರೆ ಬರುತ್ತದೆ. ಆದರೆ ಅದು ಹಿಡಿಯುವ ಫ್ರೀಜರ್ ಎಲ್ಲಿಂದ ತರುವುದು?

"ಪಕ್ಕದಲ್ಲೇ ಉಂಟಲ್ಲ ಮಾರಾಯ್ತಿ!" ಎಂದರು ಮುದೀರ್. ಪಕ್ಕದ ಶೆಡ್ಡು ಮೀನಿನ ಕೋಲ್ಡ್ ಸ್ಟೋರೇಜು. ನನ್ನ ಜೊತೆ ಮಾತು ಬಿಟ್ಟಿದ್ದವರು ಅಷ್ಟು ಹೊತ್ತಿಗೆ ಮರೆತಿದ್ದರು. ತಾವೇ ಹೋಗಿ ಅಲ್ಲಿಯವರ ಹತ್ತಿರ ಮಾತಾಡಿ ಬಂದರು. "ಅವ ನೆಗಾಡಿ ನೆಗಾಡಿ ಸಾಯ್ತಿದ್ದಾನೆ. ಹಡಗು ಐಸಿಗೆ ಹಾಕ್ಲಿಕ್ಕೆ ನೀವು ಫಸ್ಟ್ ಅಂತೆ. ಯಲ್ಲಾ, ಎತ್ತಿ."

ಇಬ್ಬರೂ ಅಟ್ಟಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊತ್ತುಕೊಂಡು ಹೋದೆವು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಅಂಜಲ್ ಮೀನಿನ ಪೆಟ್ಟಿಗೆಗಳು ಮಾಡಿನವರೆಗೆ. ಅವುಗಳ ನಡುವೆ ಜಾಗ ಮಾಡಿ ಇಟ್ಟು ಬಂದೆವು. ಮರುದಿನ ಅಲ್ಲಿಯವರ ದಪ್ಪ ಕೋಟು ಹಾಕಿಕೊಂಡು ನಾನೇ ಒಳಗೆ ಹೋದೆ. ಹೊರಗೆ ತಂದರೆ ಕ್ಷಣದಲ್ಲಿ ಹನಿಗಟ್ಟುತ್ತದೆ, ಆದ್ದರಿಂದ ಕೆಲಸ ಅಲ್ಲಿಯೇ ಆಗಬೇಕು. ಗ್ಲವ್ಸ್ ಹಾಕಿದರೆ ಬೆರಳಿಗೆ ಅಂದಾಜು ಸಿಗುವುದಿಲ್ಲ ಎಂದು ತೆಗೆದೆ. ಉಸ್ತಾದರದೇ ಚಿಕ್ಕ ಮರದ ಕೊಡತಿಯಿಂದ ದೋಣಿಯ ಮೂತಿಗೆ ಮೆಲ್ಲಗೆ ತಟ್ಟಿದೆ. ಬಿಟ್ಟಿತು. ಇನ್ನೊಂದು. ಅದೂ ಬಿಟ್ಟಿತು. ಬೆರಳುಗಳಿಗೆ ಸ್ಪರ್ಶ ಹೋಗಿ ದೋಣಿ ಕೈಯಲ್ಲಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕಾಯಿತು. ಎಷ್ಟೋ ದಿನದಿಂದ ನನ್ನ ಒಳಗೆಲ್ಲ ಹಾಗೇ ಇತ್ತು. ಬೆರಳಿಗೂ ಈಗ ಗೊತ್ತಾಯಿತು, ಅಷ್ಟೇ.

ಎರಡು ದೋಣಿಗಳನ್ನು ತೆಗೆಯಲಿಲ್ಲ. ಫೋಟೋದಲ್ಲಿ ಎರಡು ಕಾಣುತ್ತಿದ್ದವು.

ಆಮೇಲೆ ಬಣ್ಣ. ಬಿಳಿಯನ್ನೆಲ್ಲ ಉಜ್ಜಿ, ಮೈಗೆ ಬೂದಿ ಬಣ್ಣ ಹಾಕಬೇಕು. ಯಾವ ಬೂದಿ? ಫೋಟೋ ಕಪ್ಪು ಬಿಳುಪಿನದು. ಸಾಹೇಬರಿಗೆ ಫೋನ್ ಮಾಡಿದೆ. "ನನಗೂ ಗೊತ್ತಿಲ್ಲ," ಎಂದರು. "ಕಲ್ಲಿದ್ದಲಿನ ಹಡಗು, ಯಾವಾಗಲೂ ಸ್ವಲ್ಪ ಕೊಳಕು." ಕಟ್ಟಡದ ಮಾದರಿಗೆ ನಾವು ಕೊಳಕು ಹಚ್ಚುವುದಿಲ್ಲ, ಅಭ್ಯಾಸವೂ ಇಲ್ಲ. ರಟ್ಟಿನ ತುಂಡುಗಳಿಗೆ ಬೇರೆ ಬೇರೆ ಬೂದಿ ಬಳಿದು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ಇಟ್ಟೆ. ಗಾಳಿಗೆ ಮರಳು ಬಂದು ಕೂತಿತು. ಸಂಜೆ ನೋಡಿದರೆ ಧೂಳು ಕೂತ ಒಂದು ತುಂಡು ಫೋಟೋದ ಹಾಗೇ ಕಂಡಿತು. ಅದನ್ನೇ ಬೆರೆಸಿಕೊಂಡೆ. ಕೊಳವೆಯ ಬಾಯಿಗೆ ಮಸಿ, ಲಂಗರಿನ ಕೆಳಗೆ ತುಕ್ಕಿನ ಗೀರು. ಗುರುತಿನ ಪಟ್ಟಿ ಅಳಿಸಿದೆ. ಕಂಬದ ಗೂಡು ಮಾತ್ರ ಉಳಿಯಿತು, ಅದು ಆ ದಿನಕ್ಕೂ ಸಲ್ಲುತ್ತಿತ್ತು.

ಮುಗಿದಾಗ ಮೊದಲಿನಷ್ಟು ಚೆಂದ ಇರಲಿಲ್ಲ. ಮುದೀರ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈಗ ಇದು ಕೆಲ್ಸಕ್ಕೆ ಹೋಗುವ ಹಡಗು," ಎಂದರು.

ವ್ಯಾನಿನಲ್ಲಿ ಅಬುಧಾಬಿಗೆ ಒಯ್ದೆವು. ಸಾಹೇಬರ ಮನೆಯಲ್ಲಿ ಪೆಟ್ಟಿಗೆಗಳೆಲ್ಲ ಕಟ್ಟಿ ಆಗಿತ್ತು. ಒಂದು ಮೇಜು ಮಾತ್ರ ಹಾಗೇ ಇತ್ತು. ಅವರು ಈ ಸಲ ಸುತ್ತು ಬರಲಿಲ್ಲ. ಒಂದೇ ಕಡೆ ನಿಂತರು. ಆಮೇಲೆ ಹಿಂದಿನ ಕೊಳವೆಯ ಪಕ್ಕ, ಡೆಕ್ಕಿನ ಒಂದು ಮೂಲೆಗೆ ಬೆರಳು ತೋರಿಸಿದರು.

"ಪಾಳಿ ಮುಗಿದಾಗ ಡೆಕ್ಕಿಗೆ ಬಂದು ಗಾಳಿಗೆ ನಿಲ್ಲುತ್ತಿದ್ದೆ ಎನ್ನುತ್ತಿದ್ದ ಅಜ್ಜ. ಇಲ್ಲಿರಬೇಕು."

ಹಡಗಿನ ಮುಂದಿನ ಕಥೆಯನ್ನು ಚಾ ಕುಡಿಯುವಾಗ ಹೇಳಿದರು. ಕೊಲ್ಲಿಯಿಂದ ಸೂಯೆಜಿಗೆ ಹೋಯಿತು, ಅಲ್ಲಿಂದ ಡಾರ್ಡನೆಲ್ಸ್ ಎಂಬ ಜಲಸಂಧಿಗೆ. ಅಲ್ಲಿ ತನ್ನಂಥದೇ ಇನ್ನೊಂದು ಹಳೆಯ ಹಡಗಿಗೆ ಪೆಟ್ಟಾದಾಗ ನೆರವಿಗೆ ಹೋಗಿ ತಾನೂ ನೀರೊಳಗಿನ ಸಿಡಿಗುಂಡಿಗೆ ತಾಗಿತು. ಹೆಚ್ಚಿನವರನ್ನು ಚಿಕ್ಕ ಹಡಗುಗಳು ಬಂದು ಇಳಿಸಿಕೊಂಡವು, ಅಜ್ಜನನ್ನೂ. ಖಾಲಿ ಹಡಗು ತೇಲಿಕೊಂಡು ಹೋಯಿತು. ಅದು ಮುಳುಗಿದ್ದನ್ನು ಯಾರೂ ನೋಡಲಿಲ್ಲವಂತೆ.

ತೆಗೆದ ದೋಣಿಗಳನ್ನು ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಉಸ್ತಾದರ ಮಗಳಿಗೆ ಕೊಟ್ಟೆ. ಸೀಳಿದ್ದನ್ನು ಮಾತ್ರ ಕೊಡಲು ಮುಖ ಬರಲಿಲ್ಲ. "ಅದು ನಿಮ್ಗಿರ್ಲಿ ಆಂಟೀ," ಎಂದಳು. ಮನೆಗೆ ತಂದು, ಸೀಳಿದ ಹಲಗೆ ತೆಗೆದು ಹೊಸದು ಅಂಟಿಸಿ, ಕಿಟಕಿಯಲ್ಲಿ ಇಟ್ಟೆ. ಎಲ್ಲಿ ಒಡೆದಿತ್ತೆಂದು ಯಾರಿಗೂ ಕಾಣದ ಹಾಗೆ ಮಾಡಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಶುಕ್ರವಾರ ಅವಳಿಂದ ವಿಡಿಯೋ ಬಂತು. ಪಾತ್ರೆ ತೊಳೆಯುವ ಟಬ್ಬಿನಲ್ಲಿ ನೀರು, ನೀರಿನ ಮೇಲೆ ದೋಣಿಗಳು. ಹಿಂದಿನ ದಿನ ಬಿಟ್ಟದ್ದಂತೆ. ಅವಳ ಬೆರಳು ಬಂದು ಒಂದನ್ನು ಎತ್ತಿ, ಒಳಗೆ ಟಿಶ್ಯೂ ಒತ್ತಿ, ಕ್ಯಾಮರಾಕ್ಕೆ ತೋರಿಸಿತು. ಟಿಶ್ಯೂ ಒಣಗಿತ್ತು.

ನಾನು ಅಡಿಗೆಮನೆಗೆ ಹೋಗಿ ಒಂದು ಬೇಸಿನ್ನಿಗೆ ನೀರು ತುಂಬಿ ನನ್ನ ದೋಣಿಯನ್ನು ಬಿಟ್ಟೆ. ನೆಟ್ಟಗೆ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಮಗ್ಗುಲಿಗೆ ವಾಲಿತು. ನಾನು ಹತ್ತಿ ತುಂಬದೆ ಕೂರಿಸಿದ ಹಲಗೆಯ ಅಂಚಿನಲ್ಲಿ ನೀರು ಒಸರುತ್ತಿತ್ತು. ನೋಡುತ್ತ ನಿಂತೆ. ಮೂತಿ ಮುಳುಗಿತು, ಆಮೇಲೆ ಎಲ್ಲವೂ. ಕೈ ಹಾಕಿ ಎತ್ತುವಾಗ ನೀರು ತಣ್ಣಗಿದೆ ಎಂದು ಗೊತ್ತಾಯಿತು. ಸಿಂಕಿನ ಅಂಚು ಹಿಡಿದುಕೊಂಡು ಅಳು ಮುಗಿಯುವ ತನಕ ಅತ್ತೆ.

ಮುಖ ತೊಳೆದು, ದೋಣಿ ಒರೆಸಿ, ನಾನು ಹಾಕಿದ ಹಲಗೆಯನ್ನು ಬಿಚ್ಚಿದೆ. ದೇವರ ಮುಂದೆ ಬತ್ತಿ ಹೊಸೆಯುವ ಹತ್ತಿಯಿಂದ ಒಂದು ಎಳೆ ತೆಗೆದು ಎಣ್ಣೆಗೆ ಹಾಕಿದೆ.